ಮರವಾಗುವ ಜರಿಗಿಡ

ಕುದುರೆಮುಖದ ಕಾಡಿನ ಹಳ್ಳಗಳ ದಂಡೆಯಲ್ಲಿ ನಡೆದವರಿಗೆ ವಿಸ್ಮಯವೊಂದು ಕಾದಿರುತ್ತದೆ. ನಮ್ಮ ಕುಂಡಗಳಲ್ಲಿ ಗೇಣುದ್ದ ಬೆಳೆಯುವ ಜರಿಗಿಡದ ಬಂಧುವೇ ಅಲ್ಲಿ ಕಪ್ಪು ಕಾಂಡವೆತ್ತಿ, ಆಳೆತ್ತರವನ್ನು ಮೀರಿ, ಹಸುರು ಕೊಡೆ ಬಿಚ್ಚಿ ನಿಂತಿದೆ! ಹೂವಿಲ್ಲ, ಬೀಜವಿಲ್ಲ, ಎಲೆಯ ಬೆನ್ನಿನಲ್ಲಿ ಹುಡಿಯಂಥ ಬೀಜಾಣುಗಳು ಮಾತ್ರ. ಎಳೆಯ ಗರಿ ಚಕ್ಕುಲಿಯಂತೆ ಸುತ್ತಿಕೊಂಡು ಹುಟ್ಟಿ, ಮೆಲ್ಲಮೆಲ್ಲನೆ ಬಿಚ್ಚಿಕೊಳ್ಳುತ್ತದೆ.

ಇಂಥದೊಂದು ನಮ್ಮ ಅಂಗಳದಲ್ಲಿಯೂ ಇರಬಾರದೇಕೆ ಎಂಬ ಆಸೆ ಸಹಜ. ಇರಬಹುದು, ಆದರೆ ಕಾಡಿನಿಂದ ಕಡಿದು ತಂದದ್ದಲ್ಲ. ಇದರ ಜೀವವೆಲ್ಲ ನೆತ್ತಿಯ ಸುಳಿಯಲ್ಲಿದೆ; ತೆಂಗಿನಂತೆ, ಸುಳಿ ಹೋದರೆ ಮರವೂ ಹೋಯಿತು. ಆರ್ಕಿಡ್ ಬೆಳೆಸುವವರಿಗಾಗಿ ಇಂಥ ಎಷ್ಟೋ ಕಾಂಡಗಳು ಉರುಳಿವೆ. ಅಂತರರಾಷ್ಟ್ರೀಯ ಒಪ್ಪಂದವೊಂದು ಇವುಗಳ ವಿದೇಶ ವ್ಯಾಪಾರವನ್ನು ಹತೋಟಿಯಲ್ಲಿಟ್ಟಿದೆ.

ಬೀಜಾಣುವಿನಿಂದ ಬೆಳೆಸಿದ ಸಸಿಯನ್ನು ತಂದು, ನೆರಳಿರುವ, ಗಾಳಿ ಬಡಿಯದ ಮೂಲೆಯಲ್ಲಿ, ಎಲೆಗೊಬ್ಬರ ಬೆರೆತ ಮಣ್ಣಿನಲ್ಲಿ ನೆಡಬೇಕು. ಬೇಸಿಗೆಯಲ್ಲಿ ಬುಡಕ್ಕೆ ಮಾತ್ರವಲ್ಲ, ಬೇರುಗಳ ಕವಚ ತೊಟ್ಟ ಕಾಂಡಕ್ಕೂ ನೀರು ಚಿಮುಕಿಸಬೇಕು. ಅದು ಮರವಾಗಲು ವರ್ಷಗಳೇ ಬೇಕು. ಮೊಮ್ಮಕ್ಕಳಿಗೆಂದು ಹಲಸು ನೆಡುವ ಅಜ್ಜನ ತಾಳ್ಮೆ ಈ ಜರಿಗಿಡವನ್ನು ನೆಡುವವರಿಗೂ ಇರಬೇಕು.