ನಾಟಿಂಗ್‌ಹ್ಯಾಮಿನ ಲೇಸು ಪೇಟೆ

ಲಂಡನ್ನಿಗೆ ಹೋದವರೆಲ್ಲ ಅರಮನೆಯನ್ನೂ ಗಡಿಯಾರದ ಗೋಪುರವನ್ನೂ ನೋಡಿ ಬರುತ್ತಾರೆ. ಅಲ್ಲಿಂದ ರೈಲಿನಲ್ಲಿ ಸುಮಾರು ಎರಡು ಗಂಟೆಯ ದಾರಿಯಾದ ನಾಟಿಂಗ್‌ಹ್ಯಾಮಿಗೆ ಹೋಗುವವರು ಕಡಮೆ. ಯಂತ್ರದ ಲೇಸಿಗೆ ಈ ಊರು ತವರುಮನೆಯೆಂದು ಕೇಳಿ ನಾವು ಅಲ್ಲಿಗೆ ಹೋದೆವು.

ಸೇಂಟ್ ಮೇರಿ ಇಗರ್ಜಿಯ ಸುತ್ತಮುತ್ತ ‘ಲೇಸ್ ಮಾರ್ಕೆಟ್’ ಎಂಬ ಹಳೆಯ ಪೇಟೆಯಿದೆ. ಹೆಸರು ಕೇಳಿ ನಮ್ಮ ಚಿಕ್ಕಪೇಟೆಯ ಗದ್ದಲವನ್ನು ನಿರೀಕ್ಷಿಸಿದವರಿಗೆ ನಿರಾಶೆಯೇ ಸರಿ. ಕಿರಿದಾದ ಬೀದಿಗಳು, ಇಕ್ಕೆಲಗಳಲ್ಲಿ ಕೆಂಪು ಇಟ್ಟಿಗೆಯ ಎತ್ತರದ ಮಳಿಗೆಗಳು. ಕತ್ತೆತ್ತಿ ನೋಡಿದರೆ ಮೇಲಂತಸ್ತಿನ ಕಿಟಕಿಗಳು ಬಲು ದೊಡ್ಡವು. ಲೇಸಿನಲ್ಲಿ ಎಳೆ ತಪ್ಪಿದೆಯೇ ಎಂದು ಪರೀಕ್ಷಿಸಲು ಹಗಲಿನ ಬೆಳಕು ಬೇಕು. ಅದಕ್ಕಾಗಿಯೇ ಈ ಏರ್ಪಾಡು.

ಕೈಯಿಂದ ಹೆಣೆದ ಲೇಸು ಸಿರಿವಂತರ ಸೊತ್ತಾಗಿತ್ತು. 1808ರ ಸುಮಾರಿಗೆ ಜಾನ್ ಹೀತ್‌ಕೋಟ್ ಎಂಬಾತ ಬಲೆಬಟ್ಟೆಯನ್ನು ನೇಯುವ ಯಂತ್ರವನ್ನು ಕಂಡುಹಿಡಿದ. 1816ರಲ್ಲಿ ಲಫ್‌ಬರೋದಲ್ಲಿದ್ದ ಅವನ ಯಂತ್ರಗಳನ್ನು ಲಡೈಟರು ಒಡೆದುಹಾಕಲು, ಆತ ದೂರದ ಟಿವರ್ಟನ್ನಿಗೆ ಹೊರಟುಹೋದ. ನಾಟಿಂಗ್‌ಹ್ಯಾಮಿನಲ್ಲಿ ಮಾತ್ರ, ಜಾನ್ ಲೀವರ್ಸ್ 1813ರಲ್ಲಿ ಸುಧಾರಿಸಿದ ಯಂತ್ರವು ಮುಂದೆ ಜಕಾರ್ಡ್ ಸಲಕರಣೆಯೊಡನೆ ಕೂಡಿ ಹೂಬಳ್ಳಿಗಳನ್ನೂ ನೇಯತೊಡಗಿತು.

ಈ ಲೇಸನ್ನು ಉಟ್ಟವರಾರು? 1870ರ ದಶಕದಲ್ಲಿ ಇಂಗ್ಲೆಂಡಿನ ಶ್ರೀಮಂತರ ಮನೆಗಳಲ್ಲಿ ‘ಟೀ ಗೌನ್’ ಬಳಕೆಗೆ ಬಂತು. ಆಗಿನ ಹೆಂಗಸರು ಸೊಂಟಕ್ಕೆ ಕಾರ್ಸೆಟ್ ಬಿಗಿದುಕೊಂಡು ಉಸಿರಾಡಲೂ ಕಷ್ಟಪಡುತ್ತಿದ್ದರು. ಸಂಜೆ ಐದರ ಚಹಾದ ಹೊತ್ತಿಗೆ ಮಾತ್ರ ಮನೆಯೊಳಗೆ ಈ ಸಡಿಲವಾದ ನಿಲುವಂಗಿ. ಕತ್ತಿನಿಂದಲೂ ತೋಳಿನಿಂದಲೂ ಇಳಿಬಿದ್ದ ಲೇಸು. ಇದರ ರೂಪಕ್ಕೆ ಜಪಾನಿನ ಕಿಮೋನೋ ಕೂಡ ಒಂದು ಪ್ರೇರಣೆ. 1900ರಿಂದ ಮೊದಲ ಮಹಾಯುದ್ಧದವರೆಗೆ, ತೆಳ್ಳನೆಯ ಬಿಳಿ ಹತ್ತಿಬಟ್ಟೆಯ ನಡುನಡುವೆ ಲೇಸಿನ ಪಟ್ಟಿಗಳನ್ನು ಕೂಡಿಸಿ ಹೊಲಿದ ಹಗುರವಾದ ಬೇಸಗೆಯ ಉಡುಪುಗಳ ಭರಾಟೆ. ಯಂತ್ರದ ಲೇಸು ಅಗ್ಗವಾದ್ದರಿಂದ ಅವು ಮಧ್ಯಮ ವರ್ಗದವರಿಗೂ ಎಟುಕಿದವು.

ಸ್ಟೋನಿ ಬೀದಿಯಲ್ಲಿ ಆಡಮ್ಸ್ ಕಟ್ಟಡವನ್ನು ಕಂಡೆವು. 1855ರಲ್ಲಿ ತೆರೆದ ಈ ಭಾರಿ ಮಳಿಗೆಯಲ್ಲಿ ಮಾಲೀಕ ಥಾಮಸ್ ಆಡಮ್ಸ್ ಕೆಲಸಗಾರರಿಗಾಗಿ ಪ್ರಾರ್ಥನಾಮಂದಿರವನ್ನೂ ಇರಿಸಿದ್ದ. ಧಣಿಗೆ ದಯೆಯಿತ್ತು, ನಿಜ. ಆದರೆ ಲೇಸಿನ ಕೆಲಸವೆಲ್ಲ ಮಳಿಗೆಯೊಳಗೇ ಮುಗಿಯುತ್ತಿರಲಿಲ್ಲ. ಯಂತ್ರದಿಂದ ಹಲವು ಪಟ್ಟಿಗಳು ಒಂದಕ್ಕೊಂದು ಅಂಟಿದಂತೆ ಅಗಲವಾಗಿ ಬರುತ್ತಿದ್ದವು. ಅವುಗಳನ್ನು ಕೂಡಿಸಿದ ಎಳೆಯನ್ನು ಎಳೆದು ಬಿಡಿಸುವುದು ಬಡವರ ಮನೆಯ ಹೆಂಗಸರ, ಮಕ್ಕಳ ಪಾಲಿಗೆ ಬರುತ್ತಿತ್ತು. ಸರ್ಕಾರಿ ವರದಿಗಳನ್ನು ನೋಡುವುದು ನಮ್ಮ ಹೊಟ್ಟೆಪಾಡು; ನೋಡಿ ಮುಚ್ಚಿಡುವುದು ಅಭ್ಯಾಸ. ಐದಾರು ವರ್ಷದ ಕೂಸುಗಳೂ ಈ ಎಳೆ ಬಿಡಿಸುತ್ತಿದ್ದವೆಂಬ 1843ರ ಬ್ರಿಟಿಷ್ ಸರ್ಕಾರದ ವರದಿಯನ್ನು ಮಾತ್ರ ಹಾಗೆ ಮುಚ್ಚಿಡಲಾಗಲಿಲ್ಲ.

ಸಿರಿವಂತೆಗೆ ಒಂದು ಗಂಟೆಯ ನಿರಾಳ ಉಸಿರನ್ನು ಕೊಟ್ಟ ಉಡುಪು ಅದು. ಅದರ ಅಂಚನ್ನು ಬಿಡಿಸಿದವರಿಗೆ ಆ ಬಿಡುವು ಇರಲಿಲ್ಲ. ನಮ್ಮ ಸಂಘದ ಸೋದರಿಯರಲ್ಲಿ ಯಾರ ಮನೆಯ ಹಳೆಯ ಟ್ರಂಕಿನಲ್ಲಾದರೂ ಅಜ್ಜಿಯ ಲೇಸಿನ ಅಂಚಿನ ರವಿಕೆ ಉಳಿದಿದ್ದರೆ, ದಯವಿಟ್ಟು ಎಸೆಯಬೇಡಿ. ಬೆಳಕಿಗೆ ಹಿಡಿದು ನೋಡಿ. ಯಾವ ಊರಿನದಾದರೂ ಆಗಲಿ, ಅದರ ಹಿಂದೆ ಯಾರದೋ ಕಣ್ಣಿನ ಶ್ರಮವಿದೆ.