ಊದು ಎಂಬ ನಾಮಪದ

ಹಳೆಯ ಶಿಷ್ಯರು ಮನೆಗೆ ಬಂದರೆ ನಿವೃತ್ತನಾದ ಉಪಾಧ್ಯಾಯನಿಗೆ ಸಂತೋಷವಾಗುವುದು ಸಹಜ. ಕಳೆದ ತಿಂಗಳು ಬಂದ ಒಬ್ಬ ಶಿಷ್ಯನಾದರೋ ಸಂತೋಷದೊಡನೆ ನಮ್ಮ ಹಳೆಯ ಸಾಲವೊಂದನ್ನೂ ನೆನಪಿಗೆ ತಂದನು. ಆತನು ಈಗ ದುಬೈ ನಗರದಲ್ಲಿ ಸುಗಂಧದ್ರವ್ಯಗಳ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾನೆ. ಕುಶಲಪ್ರಶ್ನೆಗಳು ಮುಗಿದ ಮೇಲೆ ಜೇಬಿನಿಂದ ಕಿರುಬೆರಳಿನಷ್ಟು ಸಣ್ಣ ಶೀಸೆಯನ್ನು ತೆಗೆದು, "ಗಿರಾಕಿಗಳಿಗೆ ಮಾದರಿಗೆಂದು ಕೊಡುವುದು, ಮೇಷ್ಟ್ರೇ. ತಮಗಾಗಿ ಒಂದನ್ನು ತಂದೆ" ಎಂದನು. ಪ್ಯಾರಿಸ್ಸಿನ ಫ್ರಾನ್ಸಿಸ್ ಕುರ್ಕ್‌ಜಿಯಾನ್ ಎಂಬ ಗಂಧಕಾರನ ಮನೆಯಿಂದ 2015ರಲ್ಲಿ ಹೊರಬಂದ ದ್ರವ್ಯವಂತೆ. ಹೆಸರು 'ಊದ್ ಸ್ಯಾಟಿನ್ ಮೂಡ್'.

"ಊದ್ ಎಂದರೇನಪ್ಪ?" ಎಂದು ಕೇಳಿದೆವು.

ಆತನು ನಸುನಕ್ಕು, "ಇದು ನಾಮಪದದ ಊದು, ಮೇಷ್ಟ್ರೇ" ಎಂದನು.

ಆ ಮಾತಿನಿಂದ ನಮಗೆ ಮೂವತ್ತು ವರ್ಷಗಳ ಹಿಂದಿನ ತರಗತಿಯು ಕಣ್ಣಿಗೆ ಕಟ್ಟಿತು. ಈತನ ತಂದೆಯವರು ಸಂತೆಯಲ್ಲಿ ಅತ್ತರು, ಊದಿನಕಡ್ಡಿಗಳನ್ನು ಮಾರುತ್ತಿದ್ದರು. ಒಂದು ಹಬ್ಬದ ಮಾರನೆಯ ದಿನ ಹುಡುಗನು ಕಿವಿಯ ಮಡಿಕೆಯಲ್ಲಿ ಅತ್ತರಿನ ಹತ್ತಿಯನ್ನಿಟ್ಟುಕೊಂಡು ಬಂದಿದ್ದನು. ಕೊಠಡಿಯೆಲ್ಲ ಘಮಘಮಿಸುತ್ತಿತ್ತು. "ಗಂಡುಹುಡುಗನಿಗೆ ಇದೇಕಯ್ಯ? ಏನದು?" ಎಂದು ಗದರಿದೆವು. "ಊದು, ಸಾರ್" ಎಂದನು. "ಊದು ಎಂಬುದು ಧಾತು. ಊದುವುದು ತುತ್ತೂರಿಯನ್ನು. ನಾಮಪದವಾಗಿದ್ದರೆ ಹೇಳು" ಎಂದೆವು. ಹುಡುಗರೆಲ್ಲರೂ ನಕ್ಕರು, ನಾವೂ ನಕ್ಕೆವು. ಮಾರನೆಯ ದಿನದಿಂದ ಹತ್ತಿಯೂ ಇಲ್ಲ, ಆತನು ತಾನಾಗಿ ಬಾಯಿಬಿಟ್ಟುದೂ ಇಲ್ಲ.

ಆ ಕಾಲಕ್ಕೆ ಅಮರಕೋಶವು ನಮಗೆ ಕಂಠಪಾಠವಾಗಿತ್ತು. ಅಗುರು, ರಾಜಾರ್ಹ, ಲೋಹ, ಕೃಮಿಜ ಎಂದು ಪರ್ಯಾಯಪದಗಳನ್ನು ನಿದ್ದೆಯಲ್ಲಿಯೂ ಹೇಳಬಲ್ಲವರಾಗಿದ್ದೆವು. ರಘುವು ಪ್ರಾಗ್ಜ್ಯೋತಿಷವನ್ನು ಮುಟ್ಟಿದಾಗ ಆತನ ಆನೆಗಳನ್ನು ಕಟ್ಟಿದುದು ಕಾಲಾಗುರು ವೃಕ್ಷಗಳಿಗೆ ಎಂಬುದನ್ನೂ ಪಾಠ ಹೇಳಿದ್ದೆವು. ಆದರೆ ಅಮರಸಿಂಹನ ಅಗುರುವೇ ಆ ಹುಡುಗನ ಕಿವಿಯಲ್ಲಿದ್ದ ಊದು ಎಂಬುದನ್ನು ಅರಿಯದೆ ಹೋದೆವು. ಅರಬ್ಬಿಯಲ್ಲಿ 'ಊದ್' ಎಂದರೆ ಮರ, ವಿಶೇಷವಾಗಿ ಈ ಗಂಧದ ಮರ. ನಮ್ಮ ದೇವರ ಮನೆಯ ಊದಿನಕಡ್ಡಿಯ ಹೆಸರು ಬಂದುದೂ ಅಲ್ಲಿಂದಲೇ. ಅದನ್ನೇ ಅಗರಬತ್ತಿ ಎನ್ನುವಾಗ ಸಂಸ್ಕೃತದ ಹೆಸರನ್ನು ಹೇಳುತ್ತೇವೆ. ಎರಡು ಭಾಷೆಗಳ ಎರಡು ಹೆಸರುಗಳು, ಮರವೊಂದೇ.

'ಕೃಮಿಜ' ಎಂಬ ಪದದ ಅರ್ಥವಂತೂ ಶಿಷ್ಯನು ವಿವರಿಸಿದ ಮೇಲೆಯೇ ಮನಸ್ಸಿಗೆ ಇಳಿಯಿತು. ಅಸ್ಸಾಮಿನಿಂದ ಆಗ್ನೇಯ ಏಷ್ಯಾದವರೆಗೆ ಬೆಳೆಯುವ ಈ ಮರವು ಆರೋಗ್ಯವಾಗಿರುವಾಗ ಅದರ ತಿರುಳು ಬೆಳ್ಳಗಿದ್ದು ವಾಸನೆಯನ್ನೇ ಸೂಸುವುದಿಲ್ಲವಂತೆ. ಹುಳು ಕೊರೆದೋ ಕೊಂಬೆ ಮುರಿದೋ ಗಾಯವಾಗಿ, ಅಲ್ಲಿ ಬೂಷ್ಟು ಹಿಡಿದಾಗ, ಮರವು ತನ್ನನ್ನು ಕಾಪಾಡಿಕೊಳ್ಳಲು ಕಪ್ಪು ರಾಳವನ್ನು ಒಸರಿಸುತ್ತದೆ. ಆ ರಾಳ ತುಂಬಿದ ಭಾಗವೇ ಅಗರು. ಉತ್ತಮವಾದುದು ನೀರಿನಲ್ಲಿ ಮುಳುಗುವಷ್ಟು ಭಾರ. 'ಲೋಹ' ಎಂಬ ಹೆಸರು ಅದಕ್ಕೆ ಸಲ್ಲುತ್ತದೆ. ಆಸೆಯಿಂದ ಕಾಡುಮರಗಳನ್ನು ಬಹುವಾಗಿ ಕಡಿದುದರಿಂದ, ಅಸ್ಸಾಮಿನ ಜಾತಿಯು 1995ರಿಂದಲೇ ಅಂತರರಾಷ್ಟ್ರೀಯ ವ್ಯಾಪಾರದ ನಿರ್ಬಂಧಕ್ಕೆ ಒಳಪಟ್ಟಿದೆ. ಈಗ ತೋಟಗಳಲ್ಲಿ ಬೆಳೆಸಿ, ಬೇಕೆಂದೇ ಗಾಯಮಾಡಿ ರಾಳ ಬರಿಸುತ್ತಾರೆ.

ಇನ್ನು ಆ ಶೀಸೆಯ ವಿಷಯ. ಲಾವೋಸ್ ದೇಶದ ಅಗರು, ಬಲ್ಗೇರಿಯ ಮತ್ತು ತುರ್ಕಿಗಳ ಗುಲಾಬಿ, ಸಯಾಮಿನ ಸಾಂಬ್ರಾಣಿ, ವೆನಿಲಾ, ಇವುಗಳ ಮಿಶ್ರಣವೆಂದು ಮಾಡಿದವರು ಹೇಳುತ್ತಾರಂತೆ. ಮುಂಗೈಗೆ ಒಂದು ಹನಿ ಸೋಂಕಿಸಿದೊಡನೆ ಮೊದಲು ಬಂದುದು ಸಿಹಿ: ಗುಲಾಬಿ ನೀರು ಬೆರೆಸಿದ ಸಕ್ಕರೆಯ ಪಾಕದಂತೆ. ಗಳಿಗೆ ಕಳೆದ ಮೇಲೆ ಅದರಡಿಯಿಂದ ಹಳೆಯ ಮರದ ಪೆಟ್ಟಿಗೆಯ, ಆರಿದ ಹೊಗೆಯ ಗಂಭೀರವಾದ ಗಂಧವು ಎದ್ದಿತು. ನಮ್ಮ ಮನೆಯವರು ಮೂಸಿ ನೋಡಿ, "ಪಾಯಸವನ್ನು ದೇವರ ಮುಂದೆ ನೈವೇದ್ಯಕ್ಕಿಟ್ಟ ಹಾಗಿದೆಯಲ್ಲ!" ಎಂದರು. ಅದಕ್ಕಿಂತ ಒಳ್ಳೆಯ ವರ್ಣನೆ ನಮಗೆ ತೋರಲಿಲ್ಲ.

ತಿನಿಸಿನ ಪರಿಮಳವನ್ನು ಮೈಗೆ ಪೂಸುವ ಈ ರೂಢಿಯು ಪಶ್ಚಿಮದಲ್ಲಿ ಬಲವಾದುದು 1992ರಲ್ಲಿ ಪ್ಯಾರಿಸ್ಸಿನಿಂದ ಬಂದ 'ಏಂಜೆಲ್' ಎಂಬ ದ್ರವ್ಯದ ತರುವಾಯವೆಂದು ಶಿಷ್ಯನು ಹೇಳಿದನು. ನಮಗೆ ನೆನಪಾದುದು ಬೇರೆ. ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಗಂಧಯುಕ್ತಿಗೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟಿದ್ದಾನೆ. ಅಲ್ಲಿನ ಧೂಪಗಳಲ್ಲಿ ಬೆಲ್ಲಕ್ಕೂ ಸ್ಥಾನವಿದೆ. ನಮ್ಮ ಕನ್ನಡದಲ್ಲಿಯೇ ಸುಮಾರು 1025ರ ಚಾವುಂಡರಾಯನ ಲೋಕೋಪಕಾರದಲ್ಲಿ ಸುಗಂಧಗಳ ಪ್ರಕರಣವಿದೆ. ಅಗರುವಿಗೆ ಸಿಹಿಯ ಸಹವಾಸ ಹೊಸದಲ್ಲ.

"ಇದು ಗಂಡಸರದೋ ಹೆಂಗಸರದೋ?" ಎಂದು ನಮ್ಮ ಮನೆಯವರು ಕೇಳಿದರು. "ಇಬ್ಬರದೂ ಅಮ್ಮಾ. ಅರಬ್ಬರ ಮನೆಗಳಲ್ಲಿ ಊದನ್ನು ಎಲ್ಲರೂ ಹಚ್ಚುತ್ತಾರೆ, ಬಟ್ಟೆಗೆ ಹೊಗೆಯನ್ನೂ ಹಿಡಿಸುತ್ತಾರೆ" ಎಂದನು. ಅಂದು ಗಂಡುಹುಡುಗನಿಗೆ ಸುಗಂಧವೇಕೆ ಎಂದು ಕೇಳಿದ ನಾಲಗೆಗೆ ಈಗ ಉತ್ತರ ತೋಚಲಿಲ್ಲ.

ಕೊನೆಗೆ, "ಅಂದು ನಾವು ಹೇಳಿದುದು ತಪ್ಪು, ಕಣಪ್ಪ. ಪದದ ವಿಷಯದಲ್ಲಿಯೂ ತಪ್ಪು, ನಿನ್ನ ವಿಷಯದಲ್ಲಿಯೂ ತಪ್ಪು" ಎಂದೆವು. ಆತನು ಸ್ವಲ್ಪ ಹೊತ್ತು ಸುಮ್ಮನಿದ್ದನು. ಬಳಿಕ, "ಮನೆಗೆ ಹೋಗಿ ಅಪ್ಪಾಜಿಯವರಿಗೆ ಹೇಳಿದ್ದೆ, ಮೇಷ್ಟ್ರೇ. ದೊಡ್ಡವರು ಹೇಳಿದ ಮೇಲೆ ಸರಿಯೇ ಇರಬೇಕು ಎಂದರು" ಎಂದನು. ತಂದೆಯವರು ತೀರಿಹೋಗಿ ನಾಲ್ಕು ವರ್ಷಗಳಾದುವಂತೆ. ಅವರಲ್ಲಿ ತಪ್ಪೊಪ್ಪಿಕೊಳ್ಳುವ ಭಾಗ್ಯ ನಮಗಿಲ್ಲ.

ಶೀಸೆಯು ಈಗ ಕನ್ನಡಿಯ ಬಳಿ ಇದೆ. ಮದುವೆ ಮುಂಜಿಗಳಿಗೆ ಹೊರಡುವಾಗ ನಾವಿಬ್ಬರೂ ಒಂದೊಂದು ಹನಿ ಹಚ್ಚಿಕೊಳ್ಳುತ್ತೇವೆ. ಪಾಠ ಹೇಳುವ ವೃತ್ತಿಯಲ್ಲಿರುವ ವಾಚಕರಿಗೆ ನಮ್ಮದೊಂದು ವಿಜ್ಞಾಪನೆ: ಮಗುವಿನ ಮಾತನ್ನು ತಿದ್ದುವ ಮೊದಲು, ಆ ಮಾತು ಯಾರ ಮನೆಯಿಂದ ಬಂದಿತೆಂದು ಒಮ್ಮೆ ಕೇಳಿ ನೋಡಿರಿ. ಕೋಶದಲ್ಲಿ ನಾವು ಓದಿದ ವಸ್ತುವು ಅಲ್ಲಿ ಬೇರೊಂದು ಹೆಸರಿನಿಂದ ಬಾಳುತ್ತಿದ್ದೀತು.