ಕಪ್ಪತಗುಡ್ಡದ ಬುಡದಲ್ಲಿ ಆಷಾಢ

ಡಂಬಳ ದಾಟಿ ಡೋಣಿಯ ಕಡೆ ಹೊರಳಿದಿರೆಂದರೆ ಕಪ್ಪತಗುಡ್ಡ ಎದುರಾಗುತ್ತದೆ. ಆಷಾಢದ ಗಾಳಿ, ಹೆಗಲ ಮೇಲಿನ ಟವೆಲ್ಲನ್ನು ಕೈಯಲ್ಲಿ ಹಿಡಿದೇ ನಡೆಯಬೇಕು. 2019ರಲ್ಲಿ ವನ್ಯಜೀವಿಧಾಮವಾದ, ತೋಳ ಕತ್ತೆಕಿರುಬಗಳ ಗುಡ್ಡವಿದು. ಅದರ ನೆತ್ತಿಯ ಮೇಲೆ ಸಾಲಾಗಿ ಬಿಳಿ ಕಂಬಗಳು, ಒಂದೊಂದಕ್ಕೂ ಮೂರು ರೆಕ್ಕೆ. ಊರವರಿಗೆ ಅವು ಬರೀ ‘ಫ್ಯಾನು’.

ದೂರಕ್ಕೆ ಸಾವಕಾಶ ತಿರುಗುವಂತೆ ಕಾಣುತ್ತವೆ. ಹೊಲದಲ್ಲಿ ನಿಂತಿರುವ ಒಂದರ ಬುಡಕ್ಕೆ ಹೋಗಿ ಕತ್ತೆತ್ತಿ. ಗಾಳಿ ಸೀಳುವ ಸದ್ದು ಎದೆಗೇ ಬಡಿಯುತ್ತದೆ. ಇಳಿಬಿಸಿಲಿಗೆ ರೆಕ್ಕೆಯ ನೆರಳು ಹೆಸರಿನ ಸಾಲುಗಳ ಮೇಲೆ ಬೀಸಿ ಬೀಸಿ ಹೋಗುತ್ತದೆ, ಕಸ ತೆಗೆಯುತ್ತಿರುವ ಹೆಣ್ಣುಮಕ್ಕಳ ಬೆನ್ನ ಮೇಲೂ.

“ಮೊದಲ ಎತ್ತು ಬೆದರತಿದ್ವು ರೀ, ಈಗ ರೂಢಿ ಆಗೇತಿ. ನಮಗಽ ಇನ್ನೂ ರಾತ್ರಿ ನಿದ್ದಿ ಹತ್ತೂದಿಲ್ಲ,” ಎನ್ನುತ್ತಾಳೆ ಒಬ್ಬಾಕೆ.

ಬದುವಿನ ಮೇಲೆ ಕುಳಿತ ಅಜ್ಜನ ದೂರು ಬೇರೆ. “ಇವು ಬಂದಮ್ಯಾಲೆ ಮಳಿ ಕೈಕೊಟ್ಟೇತಿ. ಮಾಡ ಬರ್ತಾವು, ಇವು ಬೀಸಿ ಆಚಿಗಿ ನೂಕತಾವು.”

ಈ ಸೀಮೆ ಮಳೆನೆರಳಿನದು, ಪಶ್ಚಿಮಘಟ್ಟದಲ್ಲೇ ಸುರಿದು ಹಗುರಾದ ಮೋಡಗಳಷ್ಟೇ ಇಲ್ಲಿಗೆ ಬರುತ್ತವೆ, ಫ್ಯಾನು ಮೋಡವನ್ನು ನೂಕಲಾರದು ಎಂದು ನೀವು ಹೇಳುತ್ತೀರಿ. ಅಜ್ಜ ಪೂರ್ತಿ ಕೇಳಿಸಿಕೊಂಡು, “ಆತು. ಹಾಂಗಾದ್ರ ಇಲ್ಲಿ ಹುಟ್ಟಿದ ಕರೆಂಟು ಎಲ್ಲಿಗಿ ಹೊಂಟೇತಿ?” ಎನ್ನುತ್ತಾನೆ. ಅದು ಗ್ರಿಡ್ಡಿಗೆ ಹೋಗುತ್ತದೆ. ಅವನ ಪಂಪ್‌ಸೆಟ್ಟಿಗೆ ತ್ರೀ ಫೇಸ್ ಬರುವುದು ಪಾಳಿಯ ಮೇಲೆ, ಕೆಲವೊಮ್ಮೆ ನಡುರಾತ್ರಿ. ಕಂಬ ನಿಂತ ಹೊಲದವನಿಗೆ ರೊಕ್ಕ ಸಿಕ್ಕಿದೆ, ಅವನ ಮಗನಿಗೆ ಕಾವಲುಗಾರನ ಕೆಲಸ. ಆ ಮನೆಯಲ್ಲಿ ಫ್ಯಾನಿನ ಮೇಲೆ ಸಿಟ್ಟಿಲ್ಲ, ಇರಬೇಕಾಗಿಯೂ ಇಲ್ಲ. ಪಕ್ಕದ ಹೊಲದ ಅಜ್ಜನಿಗೆ ಬಂದದ್ದು ಲಾರಿಗಳ ಧೂಳು, ಸದ್ದು. ಮೋಡದ ಮಾತನ್ನು ಮೂಢನಂಬಿಕೆ ಎಂದು ತಳ್ಳಿಹಾಕುವವರು ಈ ಬದುವಿನ ಮೇಲೆ ಒಂದು ತಾಸು ಕೂರಬೇಕು.

ಅಜ್ಜ ಎದ್ದು, ನಿಮ್ಮನ್ನೂ ಎಬ್ಬಿಸಿ, ಹೊಲದ ಮೇಲ್ತುದಿಗೆ ಕರೆದೊಯ್ಯುತ್ತಾನೆ. ಉದ್ದುದ್ದ ರೆಕ್ಕೆ ಹೊತ್ತ ಲಾರಿಗಳಿಗೆಂದು ಗರಸು ಸುರಿದು ಎತ್ತರಿಸಿದ ರಸ್ತೆ. ಅದರ ಆಚೆ ಗುಡ್ಡದಿಂದ ಇಳಿದ ಕೆಂಪು ನೀರಿನ ಗುರುತು, ಈಚೆ ಬಿರುಕುಬಿಟ್ಟ ಒಣ ಹಳ್ಳ. ಬಿದ್ದಷ್ಟು ಮಳೆಯೂ ಅವನ ಕೃಷಿಹೊಂಡಕ್ಕೆ ಬರುವ ದಾರಿ ಇಲ್ಲಿ ಕಟ್ಟಿಹೋಗಿದೆ.

“ಇಲ್ಲೊಂದು ಪೈಪು ಹಾಕ್ರಿ ಅಂದ್ವಿ. ಕಂಪನಿಯವರು ಗುತ್ತಿಗೆದಾರನ್ನ ತೋರಸ್ತಾರ, ಅಂವ ಕೆಲಸ ಮುಗಿಸಿ ಹೋಗ್ಯಾನ. ಯಾರಿಗಿ ಅರ್ಜಿ ಕೊಡಬೇಕು, ನೀವಽ ಬರದ ಕೊಡ್ರಿ.”